ಮಾಟುಂಗದ ಒಪೆರಾ ಕ್ಲಾಸ್: ಮೂರು ತಿಂಗಳಾದ ಮೇಲೆ

ಮಗಳನ್ನು ಕರೆದುಕೊಂಡು ಪ್ರತಿ ಶನಿವಾರ ಡೊಂಬಿವಲಿಯಿಂದ ಲೋಕಲ್ ಹತ್ತುತ್ತೇನೆ. ಒಪೆರಾ, ಅಂದರೆ ಪಾಶ್ಚಾತ್ಯ ಸಂಗೀತ ನಾಟಕದ ಹಾಡು, ಕಲಿಸುವ ಮೇಡಂ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಮೊದಲು ಹೋಗುತ್ತಿದ್ದ ಕ್ಲಾಸಿನಲ್ಲಿ ನೊಟೇಶನ್‌ನಲ್ಲಿ ಬರೆದ ಶ್ರುತಿ ಬಿಡುವ ಹಾಗೇ ಇರಲಿಲ್ಲ. ಹುಡುಗಿ ಗಂಟಲು ಕಟ್ಟಿಸಿಕೊಂಡು ಬರುತ್ತಿದ್ದಳು. ಈ ಮೇಡಂ ಮೊದಲ ದಿನವೇ ಪಿಯಾನೋದಲ್ಲಿ ಅರ್ಧ ಸ್ವರ ಇಳಿಸಿ ಹಾಡಿಸಿದರು. ‘ಇದು ಮೋಸ ಅಲ್ವಾ?’ ಎಂದೆ. ನಕ್ಕರು. ಇಟಲಿಯ ಸಂಗೀತಕಾರ ರೊಸ್ಸಿನಿಯ 1816ರ ‘ಬಾರ್ಬರ್ ಆಫ್ ಸೆವಿಲ್’ ಒಪೆರಾದಲ್ಲಿ ನಾಯಕಿ ರೊಸೀನಾಳ ಹಾಡು ಇರುವುದು ಇ ಮೇಜರ್ ಎಂಬ ಶ್ರುತಿಯಲ್ಲಿ. ಸೊಪ್ರಾನೊಗಳು, ಅಂದರೆ ಅತಿ ಎತ್ತರದ ದನಿಯ ಗಾಯಕಿಯರು, ಅದನ್ನು ಅರ್ಧ ಸ್ವರ ಮೇಲಿನ ಎಫ್‌ಗೆ ಏರಿಸಿಕೊಂಡು ಹಾಡುವುದು ಮಾಮೂಲಿಯಂತೆ. ನಮ್ಮಮ್ಮ ತನ್ನ ಗಂಟಲಿಗೆ ತಕ್ಕಂತೆ ತಂಬೂರಿ ಶ್ರುತಿ ಮಾಡಿಕೊಳ್ಳುತ್ತಿದ್ದದ್ದು ನೆನಪಾಯಿತು. ಆದರೆ ಆರ್ಕೆಸ್ಟ್ರಾ ಜೊತೆ ಹಾಡುವಾಗ ಶ್ರುತಿ ಬದಲಿಸಿದರೆ ಅಷ್ಟೂ ವಾದ್ಯದವರಿಗೆ ಬೇರೆ ನೊಟೇಶನ್ ಬೇಕು, ಅದನ್ನೂ ಅವರೇ ಹೇಳಿದರು. ಫೀಸು ಸ್ವಲ್ಪ ಜಾಸ್ತಿ. ಕಿಟಕಿ ಪಕ್ಕ ಮಾತ್ರ ಕೂರಬೇಡಿ, ರೈಲು ಹೋದಾಗ ಏನೂ ಕೇಳಿಸುವುದಿಲ್ಲ.