ಸುನ್ನಾ ಡಾಟ್ ಕಾಮ್: ರೀಲ್ಸ್ ನೋಡುವ ಹುಡುಗರ ಮನೆಯಲ್ಲಿ ಇರಲಿ

ಹದೀಸ್, ಅಂದರೆ ಪ್ರವಾದಿಯವರ ನಡೆನುಡಿಯ ವರದಿಗಳನ್ನು ಹುಡುಕಿ ಓದುವ ಈ ಸೈಟು ನಮ್ಮ ಮನೆಗೆ ಬಂದದ್ದೇ ಒಂದು ಜಗಳದಿಂದ. ನಮ್ಮದು ಪುತ್ತೂರಿನ ಕಡೆ, ಊರಿಗೆ ಊರೇ ಶಾಫಿಗಳು, ಅಂದರೆ ಶಾಫಿ ಇಮಾಮರ ಪಂಥ ಅನುಸರಿಸುವ ಮುಸ್ಲಿಮರು. ಸುಬಹಿ (ಮುಂಜಾನೆ) ನಮಾಜಿನ ಎರಡನೇ ರಕಅತ್‌ನಲ್ಲಿ ರುಕೂವಿನಿಂದ (ಬಾಗಿದ್ದಲ್ಲಿಂದ) ಎದ್ದ ಮೇಲೆ ಕೈ ಎತ್ತಿ ಕುನೂತ್ ಅನ್ನುವ ಪ್ರಾರ್ಥನೆ ಓದುವುದು ಅಜ್ಜನ ಕಾಲದಿಂದಲೂ ಇದೆ. ಒಂದು ದಿನ ಪಕ್ಕದಲ್ಲಿ ನಿಂತ ತಮ್ಮ ಕೈ ಎತ್ತಲೇ ಇಲ್ಲ. ಹೊರಗೆ ಚಪ್ಪಲಿ ಹುಡುಕುವಾಗ ಕೇಳಿದೆ. "ಅದು ಬಿದ್‌ಅತ್ (ಧರ್ಮದಲ್ಲಿ ಹೊಸದಾಗಿ ಸೇರಿಸಿದ್ದು) ಅಣ್ಣಾ, ರೀಲ್‌ನಲ್ಲಿ ಹದೀಸ್ ನಂಬರ್ ಸಮೇತ ಹೇಳಿದ್ದಾರೆ" ಅಂದ.

ನಂಬರ್ ತಿರ್ಮಿದಿ 402, ಅಂದರೆ ತಿರ್ಮಿದಿ ಅನ್ನುವ ಹದೀಸ್ ಗ್ರಂಥದ 402ನೆಯದು. ಈ ಸೈಟಿನಲ್ಲಿ ತೆಗೆದು ನೋಡಿದೆ, ಸುಳ್ಳಲ್ಲ. ಮಗ ಕುನೂತ್ ಬಗ್ಗೆ ಕೇಳುತ್ತಾನೆ, ಇದು ಹೊಸದಾಗಿ ಸೇರಿಸಿದ್ದು ಅಂತ ತಂದೆ ಹೇಳುತ್ತಾರೆ. ಆದರೆ ಅಲ್ಲೇ ಕುನೂತ್ ಅಂತ ಹುಡುಕಿದರೆ ಬುಖಾರಿ ಅನ್ನುವ ಇನ್ನೊಂದು ಗ್ರಂಥದ 1001 ಬರುತ್ತದೆ. ಪ್ರವಾದಿಯವರು ಸುಬಹಿಯಲ್ಲಿ ಕುನೂತ್ ಓದಿದ್ದರಾ ಅಂದರೆ ಪ್ರವಾದಿಯವರ ಸಂಗಾತಿ ಅನಸ್ ಅವರು ಹೌದು ಅನ್ನುತ್ತಾರೆ. 1002, 1003 ಓದಿದರೆ ಒಂದು ತಿಂಗಳು ಓದಿದ್ದು, ಅದೂ ರಿಅಲ್, ದಕ್ವಾನ್ ಅನ್ನುವ ಬುಡಕಟ್ಟುಗಳ ವಿರುದ್ಧ ಅಂತ ಇದೆ. ನಲವತ್ತು ಸೆಕೆಂಡಿನ ರೀಲ್‌ನಲ್ಲಿ ಇದೆಲ್ಲ ಎಲ್ಲಿ ಹಿಡಿಸುತ್ತದೆ, ಅಲ್ವಾ?

ಸೈಟಿನ ಬಗ್ಗೆ ಹೇಳುವುದಾದರೆ, ದುಡ್ಡಿಲ್ಲ, ಜಾಹೀರಾತಿನ ಕಾಟವಿಲ್ಲ. ಬುಖಾರಿ, ಮುಸ್ಲಿಂ ಸೇರಿ ಆರೂ ಮುಖ್ಯ ಹದೀಸ್ ಗ್ರಂಥಗಳಿವೆ, ಅರಬಿ ಮತ್ತು ಇಂಗ್ಲಿಷ್ ಜೊತೆಜೊತೆಗೆ. ತಿರ್ಮಿದಿ, ಅಬೂದಾವೂದ್‌ನಂಥವುಗಳಲ್ಲಿ ಹದೀಸಿನ ಕೆಳಗೆ ಸಹೀಹ್ (ದೃಢ), ಹಸನ್ (ಒಳ್ಳೆಯದು), ದಈಫ್ (ದುರ್ಬಲ) ಅಂತ ದರ್ಜೆಯೂ ಇರುತ್ತದೆ. ಒಂದೇ ಹದೀಸಿಗೆ ಎರಡು ಮೂರು ಥರ ನಂಬರ್ ಇರುತ್ತದೆ, ನೋಡಿಕೊಳ್ಳಿ, ರೀಲ್‌ನವರು ಹೇಳಿದ್ದು ಯಾವುದು ಅಂತ ಹುಡುಕಲು ನನಗೆ ಮೊದಮೊದಲು ಅರ್ಧ ಗಂಟೆ ಹಿಡಿಯುತ್ತಿತ್ತು. ಕನ್ನಡ ಇಲ್ಲ. ಅಮ್ಮನಿಗೆ ನಾನೇ ಓದಿ ಹೇಳಬೇಕು.

ಮಸ್‌ಅಲ, ಅಂದರೆ ಧರ್ಮದ ತೀರ್ಪು ಮಾತ್ರ ಇಲ್ಲಿ ಹುಡುಕಬೇಡಿ. ಇಷ್ಟೂ ಹದೀಸ್ ಫೋನಿನಲ್ಲಿ ಹಿಡಿದುಕೊಂಡು ಉಸ್ತಾದರ (ಧರ್ಮಗುರುಗಳ) ಹತ್ತಿರ ಹೋದೆವು. ಅವರು ಬೈಯಲಿಲ್ಲ, ಚಹಾ ತರಿಸಿದರು. ಶಾಫಿ ಇಮಾಮರು ಕುನೂತ್ ಸುನ್ನತ್ (ಓದಿದರೆ ಒಳ್ಳೆಯದು) ಅಂದಿದ್ದೂ ಹದೀಸ್ ಇಟ್ಟುಕೊಂಡೇ, ಅಬೂ ಹನೀಫಾ ಇಮಾಮರು ಬೇಡ ಅಂದಿದ್ದೂ ಹದೀಸ್ ಇಟ್ಟುಕೊಂಡೇ, ಇದು ಸಾವಿರದ ಇನ್ನೂರು ವರ್ಷ ಹಳೆಯ ಚರ್ಚೆ ಮಗನೇ ಅಂದರು. ತಮ್ಮನ ಮುಖ ನೋಡಬೇಕಿತ್ತು! ಅವನಿಗೆ ಇದು ಹೋದ ವಾರ ಕಂಡುಹಿಡಿದ ವಿಷಯ.

ಐದಕ್ಕೆ ನಾಲ್ಕು ಕೊಡುತ್ತೇನೆ. ತಮ್ಮ ಈಗ ಕುನೂತ್‌ಗೆ ಕೈ ಎತ್ತುತ್ತಾನಾ ಅಂದರೆ, ಕೆಲವು ದಿನ ಎತ್ತುತ್ತಾನೆ. ಮೊನ್ನೆಯಿಂದ ಮೌಲಿದ್ (ಪ್ರವಾದಿಯವರ ಜನ್ಮದಿನದ ಆಚರಣೆ) ಬಗ್ಗೆ ಹೊಸ ರೀಲ್ ಸಿಕ್ಕಿದೆ.