ಶ್ರೀಲಂಕಾ ಸೇವೆಯನ್ನು ದಾಖಲೆಗೆ ಸೇರಿಸಿಕೊಳ್ಳುವುದು: ಸೇನೆಯ ರೆಕಾರ್ಡ್ ಆಫೀಸಿನ ಸೇವೆ ಹೇಗಿದೆ?

ಸೇನೆಯಿಂದ ನಿವೃತ್ತರಾದ ಜವಾನರ ಸೇವಾ ದಾಖಲೆಯಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಅದನ್ನು ಸರಿಪಡಿಸಿಕೊಡಬೇಕಾದದ್ದು ಆಯಾ ರೆಜಿಮೆಂಟಿನ ಅಥವಾ ಕೋರ್‌ನ ರೆಕಾರ್ಡ್ ಆಫೀಸು. ಹವಾಲ್ದಾರರಾಗಿ ನಿವೃತ್ತರಾದ ನಮ್ಮ ಚಿಕ್ಕಪ್ಪನವರ ಪರವಾಗಿ ಪತ್ರವ್ಯವಹಾರವನ್ನೆಲ್ಲ ನಾನೇ ನಡೆಸಿದ್ದರಿಂದ, ಈ ಸೇವೆಯ ಬಗ್ಗೆ ಬೇರೆ ಮಾಜಿ ಸೈನಿಕರ ಮನೆಯವರಿಗೆ ಉಪಯೋಗವಾಗುವಂತೆ ಬರೆಯಬೇಕೆನಿಸಿತು. ಚಿಕ್ಕಪ್ಪನವರು 1988ರಲ್ಲಿ ಭಾರತೀಯ ಶಾಂತಿಪಾಲನಾ ಪಡೆಯೊಂದಿಗೆ ಶ್ರೀಲಂಕಾದ ವವುನಿಯಾದಲ್ಲಿದ್ದರು. ಆದರೆ ನಿವೃತ್ತಿಯಾದಾಗ ಕೊಡುವ ಸೇವಾ ವಿವರಗಳ ಪುಸ್ತಕವಾದ ಅವರ ಡಿಸ್ಚಾರ್ಜ್ ಬುಕ್ಕಿನ ವಿದೇಶ ಸೇವೆಯ ಅಂಕಣದಲ್ಲಿ ‘ಇಲ್ಲ’ ಎಂದು ಬರೆದಿತ್ತು. ಪದಕಗಳ ಪಟ್ಟಿಯಲ್ಲಿ ವಿದೇಶ ಸೇವಾ ಪದಕದ ಹೆಸರೂ ಇರಲಿಲ್ಲ. ಆ ನಮೂದು ಈಗ ತಿದ್ದುಪಡಿಯಾಗಿದೆ. ಹಾಗಿದ್ದರೂ ಈ ಸೇವೆಗೆ ನಾನು ಐದಕ್ಕೆ ಮೂರು ಅಂಕವನ್ನಷ್ಟೇ ಕೊಡುತ್ತೇನೆ, ಏಕೆಂದರೆ ತನ್ನದೇ ಕಡತದಲ್ಲಿ ಇರುವ ಪುರಾವೆಯನ್ನು ಹುಡುಕಿ ತರುವ ಹೊರೆಯನ್ನು ಕಚೇರಿಯು ವಯಸ್ಸಾದ ಸೈನಿಕನ ಮೇಲೆಯೇ ಹೊರಿಸುತ್ತದೆ.

ಇದು ಬರಿಯ ಅಕ್ಷರದೋಷದಂಥ ಸಂಗತಿಯಲ್ಲ. 1987ರ ಜುಲೈ 29ರಂದು ಭಾರತ ಮತ್ತು ಶ್ರೀಲಂಕಾ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಅಲ್ಲಿಗೆ ಹೋದ ನಮ್ಮ ಪಡೆಗಳ ಕೊನೆಯ ತುಕಡಿ ಹಿಂತಿರುಗಿದ್ದು 1990ರ ಮಾರ್ಚ್‌ನಲ್ಲಿ. ಈ ನಡುವೆ ಸುಮಾರು 1,200 ಮಂದಿ ಪ್ರಾಣ ಕೊಟ್ಟರು, ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ಸಂದಿತು. ಅಲ್ಲಿಂದ ಜೀವಂತ ಮರಳಿದ ಸಾಮಾನ್ಯ ಜವಾನನಿಗೆ ತಾನು ಅಲ್ಲಿದ್ದೆ ಎನ್ನಲು ಇರುವ ಅಧಿಕೃತ ಆಧಾರ ಅವನ ಸೇವಾ ದಾಖಲೆಯೊಂದೇ. ಹಣದ ಪ್ರಶ್ನೆಯೂ ಇದರಲ್ಲಿದೆ. ಅಂಗವೈಕಲ್ಯ ಪಿಂಚಣಿಯ ನಿಯಮಗಳಲ್ಲಿ ವಿದೇಶದ ಶಾಂತಿಪಾಲನಾ ಕಾರ್ಯಾಚರಣೆಯಲ್ಲಿ ಆದ ಗಾಯವನ್ನು ಯುದ್ಧಗಾಯದ ‘ಇ’ ವರ್ಗದಲ್ಲಿ ಸೇರಿಸಿದ್ದಾರೆ. ಆದರೆ ಗಾಯವಾದಾಗ ಸೈನಿಕ ಎಲ್ಲಿದ್ದ ಎಂಬುದೇ ದಾಖಲೆಯಲ್ಲಿ ಇಲ್ಲದಿದ್ದರೆ ಅಂಥ ಕೋರಿಕೆ ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತದೆ.

ನಮೂದು ತಪ್ಪಿಹೋಗುವುದು ಹೇಗೆ ಎಂಬುದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಸೈನಿಕನ ವರ್ಗಾವಣೆ, ಬಡ್ತಿ, ರಜೆ, ಮದುವೆ, ಮಕ್ಕಳ ಜನನ, ಪದಕ ಹೀಗೆ ದಾಖಲಾಗಬೇಕಾದ ಪ್ರತಿಯೊಂದು ಸಂಗತಿಯನ್ನೂ ಅವನ ಯೂನಿಟ್ಟು ಪಾರ್ಟ್ ಟು ಆರ್ಡರ್ ಎಂಬ ಆದೇಶವಾಗಿ ಪ್ರಕಟಿಸಿ ರೆಕಾರ್ಡ್ ಆಫೀಸಿಗೆ ಕಳಿಸುತ್ತದೆ. ಅಲ್ಲಿ ಅದು ಅವನ ಸೇವಾ ವಿವರಗಳ ಹಾಳೆಯಾದ ಶೀಟ್ ರೋಲ್‌ಗೆ ಏರುತ್ತದೆ. ನಿವೃತ್ತಿಯ ಹೊತ್ತಿನಲ್ಲಿ ಆ ಶೀಟ್ ರೋಲ್ ನೋಡಿಕೊಂಡು ಡಿಸ್ಚಾರ್ಜ್ ಬುಕ್ ತುಂಬುತ್ತಾರೆ. ಪಾರ್ಟ್ ಟು ಆರ್ಡರ್ ಹೊರಡದಿದ್ದರೆ ಮುಂದಿನದು ಯಾವುದೂ ಆಗುವುದಿಲ್ಲ. ಇಡೀ ಪಲ್ಟನ್ನಿನೊಂದಿಗೆ ಹಡಗು ಹತ್ತಿದವರಿಗೆ ಸಾಮಾನ್ಯವಾಗಿ ಈ ತೊಂದರೆ ಇರುವುದಿಲ್ಲ. ಚಿಕ್ಕಪ್ಪನವರಂತೆ ಮೂಲ ಯೂನಿಟ್ಟು ಉತ್ತರ ಭಾರತದ ಪೀಸ್ ಸ್ಟೇಷನ್ನಿನಲ್ಲೇ (ಕಾರ್ಯಾಚರಣೆ ಇಲ್ಲದ ನೆಲೆಯಲ್ಲೇ) ಇದ್ದು, ತಾವು ಮಾತ್ರ ಸಣ್ಣ ತುಕಡಿಯಲ್ಲಿ ಬೇರೊಂದು ಯೂನಿಟ್ಟಿಗೆ ಅಟ್ಯಾಚ್ ಆಗಿ ಹೋದವರ ವಿಷಯದಲ್ಲಿ, ಆದೇಶವನ್ನು ಇವರು ಪ್ರಕಟಿಸಬೇಕೋ ಅವರು ಪ್ರಕಟಿಸಬೇಕೋ ಎಂಬ ನಡುವೆ ಅದು ಬಿಟ್ಟುಹೋಗುತ್ತದೆ.

ರೆಕಾರ್ಡ್ ಆಫೀಸುಗಳು ಒಂದೇ ಊರಿನಲ್ಲಿಲ್ಲ. ಮದ್ರಾಸ್ ಸ್ಯಾಪರ್ಸ್‌ನವರಿಗೆ ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿ ಆದರೆ ಆರ್ಟಿಲರಿಗೆ ನಾಸಿಕ್, ಸಿಗ್ನಲ್ಸ್‌ಗೆ ಜಬಲ್ಪುರ, ಯಂತ್ರೋಪಕರಣಗಳ ದುರಸ್ತಿ ನೋಡಿಕೊಳ್ಳುವ ಇಎಂಇಗೆ ಸಿಕಂದರಾಬಾದ್. ಚಿಕ್ಕಪ್ಪನವರದು ಹೊರರಾಜ್ಯದಲ್ಲಿದೆ. ಖುದ್ದಾಗಿ ಹೋಗುವ ಅಗತ್ಯ ಬೀಳಲಿಲ್ಲ ಎಂಬುದು ಈ ಸೇವೆಯ ಒಳ್ಳೆಯ ಅಂಶ. ನಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯವರು ಅರ್ಜಿಯನ್ನು ಓದಿ, ಆರ್ಮಿ ನಂಬರು, ಸೇನೆಗೆ ಸೇರಿದ ಮತ್ತು ಬಿಟ್ಟ ದಿನಾಂಕ, ಮೂಲ ಯೂನಿಟ್ಟು, ಅಟ್ಯಾಚ್ ಆಗಿದ್ದ ಯೂನಿಟ್ಟು ಇಷ್ಟನ್ನೂ ಮೇಲ್ಭಾಗದಲ್ಲೇ ಸ್ಪಷ್ಟವಾಗಿ ಕಾಣುವಂತೆ ಬರೆಸಿ, ತಮ್ಮ ಮುಖಪತ್ರದೊಂದಿಗೆ ಕಳಿಸಿಕೊಟ್ಟರು. ಚಿಕ್ಕಪ್ಪನವರನ್ನು ‘ಹವಾಲ್ದಾರ್ ಸಾಹೇಬರೇ, ಕೂತ್ಕೊಳ್ಳಿ’ ಎಂದು ಕುರ್ಚಿ ಕೊಟ್ಟು ಮಾತಾಡಿಸಿದ ರೀತಿಯನ್ನು ಮೆಚ್ಚಲೇಬೇಕು. ಸ್ಪರ್ಶ್ ಜಾಲತಾಣದಲ್ಲಿ ಇದಕ್ಕೆ ದಾರಿ ಹುಡುಕಬೇಕಾಗಿಲ್ಲ. ಅದು ಪಿಂಚಣಿಯ ಆಡಳಿತಕ್ಕಾಗಿ ಇರುವ ವ್ಯವಸ್ಥೆ, ಸೇವೆಯ ಚರಿತ್ರೆಯನ್ನು ತಿದ್ದುವ ಅಧಿಕಾರ ರೆಕಾರ್ಡ್ ಆಫೀಸಿನದು.

ರೆಕಾರ್ಡ್ ಆಫೀಸಿನ ಮೊದಲ ಉತ್ತರ ನಿರಾಶೆ ತಂದಿತು. ಶ್ರೀಲಂಕಾ ಸೇವೆಗೆ ಸಂಬಂಧಿಸಿದ ಪಾರ್ಟ್ ಟು ಆರ್ಡರ್ ತಮ್ಮಲ್ಲಿ ಇಲ್ಲ, ಆದ್ದರಿಂದ ಅದರ ಪ್ರತಿಯನ್ನು ಅರ್ಜಿದಾರರೇ ಒದಗಿಸಬೇಕು ಎಂಬುದು ಅದರ ಸಾರಾಂಶ. ಪಾರ್ಟ್ ಟು ಆರ್ಡರಿನ ಪ್ರತಿ ಜವಾನನ ಕೈಯಲ್ಲಿ ಹೇಗೆ ಉಳಿದೀತು? ಅದು ಪ್ರಕಟವೇ ಆಗಿಲ್ಲ ಎಂಬುದೇ ನಮ್ಮ ಅರ್ಜಿಯ ವಿಷಯವಾಗಿರುವಾಗ ಅದನ್ನೇ ಪುರಾವೆಯಾಗಿ ಕೇಳುವುದು ನ್ಯಾಯವಲ್ಲ. ಅನೇಕರು ಈ ಉತ್ತರ ಬಂದ ಕೂಡಲೇ ಕೈಬಿಡುತ್ತಾರೆಂದು ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ ಮನಸ್ಸಿಗೆ ತುಂಬ ನೋವಾಯಿತು. ದಯವಿಟ್ಟು ಯಾರೂ ಅಲ್ಲಿ ಕೈಬಿಡಬೇಡಿ.

ನಮಗೆ ನೆರವಾದದ್ದು ಮಾಹಿತಿ ಹಕ್ಕು ಕಾಯ್ದೆ. ಬಿಎಸ್‌ಎಫ್, ಸಿಆರ್‌ಪಿಎಫ್, ಅಸ್ಸಾಂ ರೈಫಲ್ಸ್‌ನಂಥ ಪಡೆಗಳು ಆ ಕಾಯ್ದೆಯಿಂದ ಬಹುಮಟ್ಟಿಗೆ ಹೊರಗಿಟ್ಟ ಸಂಸ್ಥೆಗಳ ಪಟ್ಟಿಯಾದ ಎರಡನೇ ಅನುಸೂಚಿಯಲ್ಲಿರುವುದರಿಂದ ಅವುಗಳಿಂದ ಇಂಥ ಮಾಹಿತಿ ಪಡೆಯುವುದು ಕಷ್ಟ. ಭೂಸೇನೆ ಆ ಪಟ್ಟಿಯಲ್ಲಿಲ್ಲ. ಹತ್ತು ರೂಪಾಯಿ ಶುಲ್ಕ ಕಟ್ಟಿ, ಚಿಕ್ಕಪ್ಪನವರ ಸಹಿಯೊಂದಿಗೆ ಅವರದೇ ಶೀಟ್ ರೋಲ್ ಮತ್ತು ವೈದ್ಯಕೀಯ ದಾಖಲೆಗಳ ಪ್ರತಿಯನ್ನು ಕೇಳಿದೆವು. ಕಾಯ್ದೆಯು ಉತ್ತರಕ್ಕೆ 30 ದಿನಗಳ ಗಡುವು ಕೊಡುತ್ತದೆ; ಪ್ರತಿಗಳು ಆ ಗಡುವಿನೊಳಗೇ, ಪುಟಪುಟಕ್ಕೂ ಮೊಹರಿನೊಂದಿಗೆ, ಓದಲು ಬರುವಂತೆ ಬಂದವು. ಈ ಭಾಗಕ್ಕೆ ನನ್ನದು ಪೂರ್ತಿ ಅಂಕ.

ಆ ಕಾಗದಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಒಂದೊಂದು ಸಾಲನ್ನೂ ಓದಿದಾಗ ವಿಷಯ ಬಯಲಾಯಿತು. ಪೋಸ್ಟಿಂಗ್ ಪುಟದ ಪ್ರಕಾರ 1988ರ ಮಳೆಗಾಲದಲ್ಲಿ ಅವರು ಪೀಸ್ ಸ್ಟೇಷನ್ನಿನಲ್ಲಿದ್ದಾರೆ. ವೈದ್ಯಕೀಯ ಪುಟದಲ್ಲಿ ಅದೇ ಅವಧಿಯಲ್ಲಿ ಅವರನ್ನು ಆಗಿನ ಮದ್ರಾಸಿನ ಮಿಲಿಟರಿ ಆಸ್ಪತ್ರೆಗೆ ಸೇರಿಸಿದ ನಮೂದಿದೆ, ಎಲ್ಲಿಂದ ಕಳಿಸಿದ್ದು ಎಂಬ ಕಡೆ ಒಂದು ಫೀಲ್ಡ್ ಆಂಬ್ಯುಲೆನ್ಸಿನ, ಅಂದರೆ ರಣರಂಗದ ಬಳಿ ಚಿಕಿತ್ಸೆ ಕೊಡುವ ಸೇನಾ ವೈದ್ಯಕೀಯ ಯೂನಿಟ್ಟಿನ, ಸಂಖ್ಯೆ ನೀಲಿ ಶಾಯಿಯಲ್ಲಿದೆ. ನೆಲಬಾಂಬ್ ಸಿಡಿದು ಕಿವಿಯಿಂದ ರಕ್ತ ಬಂದಾಗ ಅವರನ್ನು ವಿಮಾನದಲ್ಲಿ ಕಳಿಸಿದ್ದು ಆ ಫೀಲ್ಡ್ ಆಂಬ್ಯುಲೆನ್ಸಿನವರು. ಉತ್ತರದ ದಂಡುಪ್ರದೇಶದಲ್ಲಿ ಇರುವ ಜವಾನನನ್ನು ಕಿವಿಯ ಚಿಕಿತ್ಸೆಗೆಂದು ಮದ್ರಾಸಿಗೆ, ಅದೂ ಕಾರ್ಯಾಚರಣೆಯಲ್ಲಿದ್ದ ಫೀಲ್ಡ್ ಆಂಬ್ಯುಲೆನ್ಸಿನ ಮೂಲಕ, ಯಾರೂ ಕಳಿಸುವುದಿಲ್ಲ. ಈ ಎರಡು ಪುಟಗಳೂ ಒಂದೇ ಕಡತದಲ್ಲಿ, ಒಂದೇ ಕಚೇರಿಯ ಕಪಾಟಿನಲ್ಲಿ ಅಷ್ಟು ವರ್ಷ ಇದ್ದವು. ಮೊದಲ ಅರ್ಜಿ ಬಂದಾಗಲೇ ಯಾರಾದರೂ ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಿದ್ದರೆ ಎರಡನೆಯ ಅರ್ಜಿಯೇ ಬೇಕಾಗುತ್ತಿರಲಿಲ್ಲ.

ಎರಡನೆಯ ಅರ್ಜಿಯಲ್ಲಿ ಈ ವಿರೋಧವನ್ನೇ ಮುಂದಿಟ್ಟೆವು. ಜೊತೆಗೆ ಅದೇ ತುಕಡಿಯಲ್ಲಿದ್ದು ಈಗ ತಮಿಳುನಾಡಿನಲ್ಲಿರುವ ನಿವೃತ್ತ ಸುಬೇದಾರರೊಬ್ಬರು ಸ್ಟ್ಯಾಂಪ್ ಪೇಪರಿನ ಮೇಲೆ ಅಫಿಡವಿಟ್ ಮಾಡಿಸಿ ಕಳಿಸಿಕೊಟ್ಟರು. ಅವರ ಡಿಸ್ಚಾರ್ಜ್ ಬುಕ್ಕಿನಲ್ಲಿ ಶ್ರೀಲಂಕಾ ಸೇವೆ ಸರಿಯಾಗಿ ನಮೂದಾಗಿದ್ದರಿಂದ ಆ ಪುಟದ ಪ್ರತಿಯನ್ನೂ ಲಗತ್ತಿಸಿದೆವು. ಚಿಕ್ಕಮ್ಮ ಟ್ರಂಕಿನಲ್ಲಿ ಜೋಪಾನವಾಗಿಟ್ಟಿದ್ದ ಇನ್‌ಲ್ಯಾಂಡ್ ಪತ್ರಗಳನ್ನೂ ಸೇರಿಸಿದ್ದೆವು, ಆದರೆ ಅವುಗಳಲ್ಲಿ ಫೀಲ್ಡ್ ಪೋಸ್ಟ್ ಆಫೀಸಿನ ಸಂಖ್ಯೆ ಮತ್ತು ತಾರೀಖಿನ ಮೊಹರಷ್ಟೇ ಇದ್ದು ಊರಿನ ಹೆಸರು ಇಲ್ಲದ್ದರಿಂದ ಕಚೇರಿಯವರು ಅವನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. ಕಾರ್ಯಾಚರಣೆಯಲ್ಲಿರುವ ಯೂನಿಟ್ಟುಗಳು ದಿನದಿನದ ಘಟನೆಗಳ ವಾರ್ ಡೈರಿ ಬರೆದಿಡುತ್ತವೆ. ಅಟ್ಯಾಚ್ ಆಗಿದ್ದ ಯೂನಿಟ್ಟಿನ ಡೈರಿಯನ್ನು ಪರಿಶೀಲಿಸಬೇಕೆಂದೂ ಅರ್ಜಿಯಲ್ಲಿ ಕೋರಿದೆವು.

ಇಲ್ಲಿಂದ ಮುಂದಿನ ಕೆಲಸವನ್ನು ರೆಕಾರ್ಡ್ ಆಫೀಸು ಶ್ರದ್ಧೆಯಿಂದ ಮಾಡಿತು. ಮೂಲ ಯೂನಿಟ್ಟಿಗೆ ತಾನೇ ಬರೆದು, ಬಿಟ್ಟುಹೋಗಿದ್ದ ಅವಧಿಗೆ ಪಾರ್ಟ್ ಟು ಆರ್ಡರ್ ಪ್ರಕಟಿಸಿಕೊಂಡು, ಅದರ ಸಂಖ್ಯೆಯನ್ನು ನಮಗೆ ಪತ್ರದಲ್ಲಿ ತಿಳಿಸಿತು. ಮೂಲ ಡಿಸ್ಚಾರ್ಜ್ ಬುಕ್ಕನ್ನು ತರಿಸಿಕೊಂಡು, ‘ಇಲ್ಲ’ ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದು, ಶ್ರೀಲಂಕಾ ಎಂದೂ ಅವಧಿಯನ್ನೂ ಬರೆದು, ಪಕ್ಕದಲ್ಲಿ ಆದೇಶದ ಸಂಖ್ಯೆ, ಅಧಿಕಾರಿಯ ಸಹಿ, ದುಂಡು ಮೊಹರು ಹಾಕಿ, ಅದನ್ನು ಸುರಕ್ಷಿತವಾಗಿ ಹಿಂದಿರುಗಿಸಿತು. ಬುಕ್ಕನ್ನು ಕಳಿಸುವ ಮೊದಲು ಪ್ರತಿಯೊಂದು ಪುಟದ ಜೆರಾಕ್ಸ್ ಇಟ್ಟುಕೊಳ್ಳುವುದು ಕಡ್ಡಾಯ ಎಂದೇ ತಿಳಿಯಿರಿ. ದೂರವಾಣಿಯಲ್ಲಿ ಮಾತಾಡಿದ ಸಿಬ್ಬಂದಿ ಸಹನೆಯಿಂದ ಉತ್ತರಿಸುತ್ತಿದ್ದರು. ಆದರೆ ಹಿಂದಿ ಅಥವಾ ಇಂಗ್ಲಿಷ್ ಬಾರದ, ಮಕ್ಕಳು ದೂರದಲ್ಲಿರುವ ಹಳ್ಳಿಯ ಮಾಜಿ ಸೈನಿಕನ ವಿಧವೆ ಒಬ್ಬರೇ ಈ ಪತ್ರವ್ಯವಹಾರವನ್ನು ನಡೆಸಬಲ್ಲರೆಂದು ನನಗೆ ಅನಿಸುವುದಿಲ್ಲ. ಅರ್ಜಿ ಯಾವ ಹಂತದಲ್ಲಿದೆ ಎಂದು ಒಂದು ಸಾಲಿನ ಸಂದೇಶವಾದರೂ ಮೊಬೈಲಿಗೆ ಬರುವ ವ್ಯವಸ್ಥೆ ನಮ್ಮ ಅರ್ಜಿಗೆ ಇರಲಿಲ್ಲ.

ಪಿಂಚಣಿಯ ಅರ್ಹತೆ ಬರುವ ಮೊದಲೇ ಸೇನೆ ಬಿಟ್ಟವರ ಮನೆಯವರು ಇದನ್ನು ಓದುತ್ತಿದ್ದರೆ ಅವರಿಗೆ ಪ್ರತ್ಯೇಕವಾಗಿ ಹೇಳಬೇಕಾದದ್ದು ಇದೆ. ಪಿಂಚಣಿ ಇಲ್ಲದವರ ಸೇವಾ ಕಾಗದಗಳನ್ನು ನಿಯಮದಂತೆ 25 ವರ್ಷಗಳ ನಂತರ ನಾಶಮಾಡುತ್ತಾರೆ, ಲಾಂಗ್ ರೋಲ್ ಎಂಬ ಪುಸ್ತಕದಲ್ಲಿ ಸಂಕ್ಷಿಪ್ತ ನಮೂದು ಮಾತ್ರ ಉಳಿಯುತ್ತದೆ. ಶ್ರೀಲಂಕಾದಿಂದ ಬಂದು 1990ರ ದಶಕದಲ್ಲೇ ಸೇನೆ ಬಿಟ್ಟವರ ವಿಷಯದಲ್ಲಿ ಆ ಗಡುವು ದಾಟಿಹೋಗಿದೆ. ಅಂಥವರು ಲಾಂಗ್ ರೋಲ್‌ನ ಪ್ರತಿಯನ್ನು ಕೇಳುವುದರ ಜೊತೆಗೆ, ತಮ್ಮ ಜೊತೆಗಿದ್ದ ಪಿಂಚಣಿದಾರರ ದಾಖಲೆಗಳನ್ನು ಆಧಾರವಾಗಿ ಬಳಸಬೇಕು. ಆ ಜೊತೆಗಾರರು ಬದುಕಿರುವಾಗಲೇ ಅಫಿಡವಿಟ್ ಪಡೆದಿಟ್ಟುಕೊಳ್ಳಬೇಕು. ಸುಮಾರು ನಲವತ್ತು ವರ್ಷದ ಹಿಂದಿನ ಆ ಹುಡುಗರಲ್ಲಿ ಹೆಚ್ಚಿನವರು ಈಗ ಅರವತ್ತರ ಆಸುಪಾಸಿನಲ್ಲಿದ್ದಾರೆ ಅಥವಾ ಅದನ್ನು ದಾಟಿದ್ದಾರೆ.

ಕಚೇರಿ ಅರ್ಜಿಯನ್ನು ಪೂರ್ತಿಯಾಗಿ ತಿರಸ್ಕರಿಸಿದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ; ಕರ್ನಾಟಕದವರಿಗೆ ಅದರ ಕೊಚ್ಚಿ ಪೀಠ. ಅಂತಿಮ ಉತ್ತರ ಬಂದ ಆರು ತಿಂಗಳೊಳಗೆ ಅಲ್ಲಿ ಅರ್ಜಿ ಹಾಕಬೇಕು, ತಡವಾದರೆ ಸಕಾರಣ ಕೊಟ್ಟು ಮನ್ನಾ ಕೇಳಬಹುದು. ಆದ್ದರಿಂದ ರೆಕಾರ್ಡ್ ಆಫೀಸಿನಿಂದ ಬಂದ ಪ್ರತಿಯೊಂದು ಪತ್ರದ ಲಕೋಟೆಯನ್ನೂ ಅಂಚೆಯ ಮೊಹರು ಕಾಣುವಂತೆ ಎತ್ತಿಡಿ. ನಾವು ಅಷ್ಟು ದೂರ ಹೋಗಬೇಕಾಗಲಿಲ್ಲ. ವಿದೇಶ ಸೇವಾ ಪದಕಕ್ಕೂ, ಅದರ ಮೇಲಿನ ‘ಶ್ರೀಲಂಕಾ’ ಎಂದು ಬರೆದ ಲೋಹದ ಪಟ್ಟಿಗೂ ಚಿಕ್ಕಪ್ಪನವರು ಅರ್ಹರೆಂದು ಈಗ ದಾಖಲೆಯಲ್ಲಿದೆ. ಅಂಚಿನಲ್ಲಿ ಅವರ ನಂಬರು, ಹೆಸರು ಕೆತ್ತಿದ ಪದಕ ಇನ್ನೂ ಬರಬೇಕಾಗಿದೆ. ಅಂಗಡಿಯಲ್ಲಿ ಸಿಗುವ ನಕಲನ್ನು ಕೊಳ್ಳಲು ಅವರು ಒಪ್ಪಿಲ್ಲ, ಅದಕ್ಕಾಗಿ ರೆಕಾರ್ಡ್ ಆಫೀಸಿಗೆ ಪ್ರತ್ಯೇಕ ಅರ್ಜಿಯನ್ನು ಕಳಿಸಿದ್ದೇವೆ.