ಸ್ಕ್ರಬ್ಸ್‌ಗೆ ಲಾಂಡ್ರಿ ಸ್ಯಾನಿಟೈಸರ್: ಯಾರು ಕೊಳ್ಳಬೇಕು, ಯಾವಾಗ ಸುರಿಯಬೇಕು

ಆಸ್ಪತ್ರೆಯಲ್ಲಿ ತೊಡುವ ಸಮವಸ್ತ್ರವಾದ ಸ್ಕ್ರಬ್ಸ್‌ನ ರೋಗಾಣು ಕೊಲ್ಲಲು ಲಾಂಡ್ರಿ ಸ್ಯಾನಿಟೈಸರ್ ಎಂಬ ದ್ರವ ಕೆಲಸಕ್ಕೆ ಬರುವ ವಸ್ತುವೇ. ಅದನ್ನು ಸುರಿಯುವ ಹೊತ್ತು ಮಾತ್ರ ಎಷ್ಟೋ ಮನೆಗಳಲ್ಲಿ ತಪ್ಪುತ್ತದೆ. ಸೋಪಿನ ಪುಡಿಯ ಜೊತೆಗೇ ಒಂದು ಮುಚ್ಚಳ ಹಾಕಿ ಮಷಿನ್ ಶುರು ಮಾಡಿದರೆ ಆ ದುಡ್ಡು ಚರಂಡಿಗೆ ಹೋದಂತೆಯೇ. ಈ ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರುವುದು ಬೆಂಜಾಲ್ಕೋನಿಯಂ ಕ್ಲೋರೈಡ್ ಜಾತಿಯ ರಾಸಾಯನಿಕ. ಅದಕ್ಕೆ ಧನ ವಿದ್ಯುದಂಶ, ಡಿಟರ್ಜೆಂಟಿನ ಮುಖ್ಯ ಅಂಶಕ್ಕೆ ಋಣ ವಿದ್ಯುದಂಶ. ಎರಡೂ ಒಂದಕ್ಕೊಂದು ಅಂಟಿಕೊಂಡರೆ ಕೊಳೆಯೂ ಸರಿಯಾಗಿ ಬಿಡುವುದಿಲ್ಲ, ರೋಗಾಣುವೂ ಸಾಯುವುದಿಲ್ಲ. ಡೆಟಾಲ್‌ನ ಲಾಂಡ್ರಿ ಸ್ಯಾನಿಟೈಸರ್ ತನ್ನ ಹೆಸರಿನಲ್ಲೇ 'ಆಫ್ಟರ್ ಡಿಟರ್ಜೆಂಟ್ ವಾಶ್' ಎಂದು ಬರೆದುಕೊಂಡಿರುವುದು ಇದಕ್ಕೇ.

ಮೊದಲು ಎಂದಿನಂತೆ ಒಗೆದು, ನೊರೆ ಕಾಣದಷ್ಟು ಜಾಲಿಸಿ. ಕೊಳವೆಬಾವಿಯ ಗಡಸು ನೀರಾದರೆ ಇನ್ನೊಂದು ಸಲ ಹೆಚ್ಚಿಗೆ. ಆಮೇಲೆ ಬಕೆಟ್ಟಿನಲ್ಲಿ ಹೊಸ ನೀರು ಹಿಡಿದು ಲೇಬಲ್ ಹೇಳಿದಷ್ಟು ದ್ರವ ಬೆರೆಸಿ, ಬಟ್ಟೆ ಪೂರ್ತಿ ಮುಳುಗಿಸಿ. ಜೇಬುಗಳಲ್ಲಿ ಗಾಳಿ ತುಂಬಿ ಬಟ್ಟೆ ಮೇಲೆ ತೇಲುತ್ತದೆ, ಒತ್ತಿ ಬಿಡಿ. ಕನಿಷ್ಠ 15 ನಿಮಿಷ ನೆನೆಯಲಿ. ಲೇಬಲ್ ಹೆಚ್ಚು ಹೊತ್ತು ಕೇಳಿದರೆ ಅಷ್ಟು. ನಂತರ ಹಿಂಡಿ ಒಣಹಾಕಿ. ಟಾಪ್ ಲೋಡ್ ಮಷಿನ್ ಇದ್ದವರೂ ಈ ಕೊನೆಯ ಹಂತವನ್ನು ಬಕೆಟ್ಟಿನಲ್ಲೇ ಮಾಡುವುದು ಲೇಸು. ಮಷಿನ್ನಿನ ತೊಟ್ಟಿ ತುಂಬ ನೀರಿಗೆ ಒಂದು ಮುಚ್ಚಳ ಹಾಕಿದರೆ ದ್ರವ ತೀರಾ ತೆಳುವಾಗುತ್ತದೆ, ಕೊನೆಯ ಜಾಲಾಟ ಕೆಲವೇ ನಿಮಿಷದಲ್ಲಿ ಮುಗಿದುಹೋಗುತ್ತದೆ. ಎರಡು ಜೊತೆ ಸ್ಕ್ರಬ್ಸ್‌ಗೆ 10 ಲೀಟರ್ ಸಾಕು. ಹತ್ತಿ ಬಟ್ಟೆ ಈ ರಾಸಾಯನಿಕವನ್ನು ಹೀರಿಕೊಳ್ಳುತ್ತದೆ, ಹಾಗಾಗಿ ಒಂದೇ ಬಕೆಟ್ ನೀರಿನಲ್ಲಿ ಎರಡನೇ ಕಂತು ಅದ್ದಬೇಡಿ.

ಇದರ ಮಿತಿಯೂ ಗೊತ್ತಿರಲಿ. ಭೇದಿ ಹರಡುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳನ್ನು ಇದು ಕೊಲ್ಲುವುದಿಲ್ಲ.

ಹೀಟರ್ ಇರುವ ಫ್ರಂಟ್ ಲೋಡ್ ಮಷಿನ್ ಇದ್ದು, ಬಟ್ಟೆ ಬಿಸಿ ತಡೆಯುವಂಥದ್ದಾದರೆ ಈ ಬಾಟಲಿ ಬೇಡವೇ ಬೇಡ. ಸಮವಸ್ತ್ರವನ್ನು 60 ಡಿಗ್ರಿಯಲ್ಲಿ 10 ನಿಮಿಷ ಒಗೆದರೆ ಹೆಚ್ಚುಕಡಿಮೆ ಎಲ್ಲ ಸೂಕ್ಷ್ಮಾಣುಗಳೂ ಹೋಗುತ್ತವೆ ಎನ್ನುತ್ತದೆ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಮಾರ್ಗಸೂಚಿ. ಅಲ್ಲಿನ ಆಸ್ಪತ್ರೆ ಲಾಂಡ್ರಿಗಳ ಲೆಕ್ಕ ಇನ್ನೂ ಬಿಗಿ: 65 ಡಿಗ್ರಿಗೆ 10 ನಿಮಿಷ, ಇಲ್ಲವೇ 71 ಡಿಗ್ರಿಗೆ 3 ನಿಮಿಷ. ಆದರೆ ಗುಂಡಿಯ ಮೇಲೆ 60 ಎಂದು ಇದ್ದ ಮಾತ್ರಕ್ಕೆ ಒಳಗೆ 60 ಇರುತ್ತದೆಂದು ನಂಬುವಂತಿಲ್ಲ. 2025ರಲ್ಲಿ ಬ್ರಿಟನ್ನಿನ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯದವರು ಆರು ಮನೆ ಮಷಿನ್‌ಗಳನ್ನು ಪರೀಕ್ಷಿಸಿದಾಗ, ಕ್ವಿಕ್ ವಾಶ್‌ನಲ್ಲಿ ಅರ್ಧದಷ್ಟು ಮಷಿನ್‌ಗಳು ಬಟ್ಟೆಯನ್ನು ಸೋಂಕುಮುಕ್ತ ಮಾಡಲಿಲ್ಲ. ಆದ್ದರಿಂದ ಕ್ವಿಕ್, ಇಕೋ ಎರಡನ್ನೂ ಬಿಟ್ಟು 'ಕಾಟನ್ 60' ಆರಿಸಿ, ಡ್ರಮ್ಮಿನ ಮೇಲ್ಭಾಗದಲ್ಲಿ ಒಂದು ಅಂಗೈ ಜಾಗ ಬಿಡಿ. ಬಾಗಿಲಿನ ರಬ್ಬರ್ ಪಟ್ಟಿಯ ಮಡಿಕೆ ಒರೆಸಿ, ತಿಂಗಳಿಗೊಮ್ಮೆ ಖಾಲಿ ಮಷಿನ್ನನ್ನು 90 ಡಿಗ್ರಿಯಲ್ಲಿ ಓಡಿಸಿ. ಅಲ್ಲಿ ಕೂರುವ ಲೋಳೆಯೇ ರೋಗಾಣುಗಳ ಮನೆ. ಗೀಸರ್ ನೀರು ಟಾಪ್ ಲೋಡ್‌ಗೆ ಸುರಿದು ಇದಕ್ಕೆ ಸಮ ಎಂದುಕೊಳ್ಳಬೇಡಿ. ತಣ್ಣನೆ ತೊಟ್ಟಿ, ಒದ್ದೆ ಬಟ್ಟೆ ಸೇರಿ ಬಿಸಿಯನ್ನು ಬೇಗ ಇಳಿಸಿಬಿಡುತ್ತವೆ.

ಈಗ ಎಲ್ಲೆಡೆ ಕಾಣುವ ಹಿಗ್ಗುವ ಸ್ಕ್ರಬ್ಸ್‌ನಲ್ಲಿ ಸ್ಪ್ಯಾಂಡೆಕ್ಸ್ ಎಂಬ ಎಳೆದರೆ ಹಿಗ್ಗುವ ನೂಲು ಇರುತ್ತದೆ. ಲೇಬಲ್ಲಿನಲ್ಲಿ 40 ಡಿಗ್ರಿ ಎಂದಿದ್ದರೆ ಅದಕ್ಕಿಂತ ಬಿಸಿ ಕೊಡಬೇಡಿ, ಬ್ಲೀಚಂತೂ ಆ ನೂಲನ್ನೇ ತಿಂದುಹಾಕುತ್ತದೆ. ಸ್ಯಾನಿಟೈಸರ್ ನಿಜವಾಗಿ ಬೇಕಾಗುವುದು ಇಂಥ ಬಟ್ಟೆಗೆ, ಮತ್ತು ಪಿಜಿಯಲ್ಲಿ ಬಕೆಟ್ಟನ್ನೇ ನಂಬಿದ ನರ್ಸಿಂಗ್ ವಿದ್ಯಾರ್ಥಿಗಳಿಗೆ.

ಬಿಳಿ ಹತ್ತಿಯ ಕೋಟ್‌ಗೆ ಸೋಡಿಯಂ ಹೈಪೋಕ್ಲೋರೈಟ್ ಬ್ಲೀಚ್ ಅಗ್ಗ, ಬಲವೂ ಹೆಚ್ಚು. ಲೇಬಲ್ಲಿನಲ್ಲಿ ಶೇ 4 ಎಂದಿದ್ದರೆ 10 ಲೀಟರ್ ನೀರಿಗೆ 125 ಮಿ.ಲೀ.; ಶೇ 0.05 ದ್ರಾವಣವಾಗುತ್ತದೆ. ಒಗೆದ ಬಟ್ಟೆಯನ್ನು ಅದರಲ್ಲಿ 30 ನಿಮಿಷ ನೆನೆಸಿ, ಜಾಲಿಸಿ. ಒಗೆಯುವ ಮೊದಲೇ ಹಾಕಿದರೆ ಕ್ಲೋರಿನ್ನನ್ನು ಕೊಳೆಯೇ ನುಂಗುತ್ತದೆ. ತಯಾರಿಕೆ ತಿಂಗಳು ನೋಡಿ ಕೊಳ್ಳಿ, ಸೆಕೆಯಲ್ಲಿಟ್ಟ ಬಾಟಲಿ ಬಲ ಕಳೆದುಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಕೈ ತೊಳೆಯಲು ಬಳಸುವ ರೋಗಾಣುನಾಶಕ ಕ್ಲೋರ್‌ಹೆಕ್ಸಿಡಿನ್ ತಾಗಿದ ಕೋಟಿನ ತೋಳಿಗೆ ಮಾತ್ರ ಬ್ಲೀಚ್ ಸೋಕಿಸಬೇಡಿ: ಎರಡೂ ಸೇರಿ ಮೂಡುವ ಕಂದು ಕಲೆ ಮತ್ತೆ ಹೋಗುವುದಿಲ್ಲ. ಟಾಯ್ಲೆಟ್ ಕ್ಲೀನರಿನಂಥ ಆಮ್ಲದ ಹತ್ತಿರವೂ ತರಬೇಡಿ, ವಿಷಾನಿಲ ಏಳುತ್ತದೆ.

ರಕ್ತದ ಕಲೆಗೆ ಮೊದಲು ತಣ್ಣೀರು. ಬಿಸಿನೀರು ಬಿದ್ದರೆ ಅದರ ಪ್ರೋಟೀನ್ ನೂಲಿಗೆ ಕಚ್ಚಿಕೊಳ್ಳುತ್ತದೆ.

ಮಳೆಗಾಲದಲ್ಲಿ ಎರಡು ದಿನ ಹಸಿಯಾಗಿ ನೇತಾಡಿದ ಸಮವಸ್ತ್ರದಲ್ಲಿ ಅಳಿದುಳಿದ ಬ್ಯಾಕ್ಟೀರಿಯಾ ಮತ್ತೆ ಬೆಳೆಯುತ್ತವೆ, ಮುಗ್ಗಲು ವಾಸನೆ ಅದರದೇ. ಫ್ಯಾನ್ ಕೆಳಗೆ ಒಂದೊಂದನ್ನೇ ಬಿಡಿಸಿ ಹರವಿ, ಪೂರ್ತಿ ಒಣಗಿದ ಮೇಲೆ ಬಟ್ಟೆ ತಡೆಯುವಷ್ಟು ಬಿಸಿಯಲ್ಲಿ ಇಸ್ತ್ರಿ ಮಾಡಿ. ತೋಳಿನ ತುದಿ, ಜೇಬಿನ ಅಂಚು, ಕತ್ತುಪಟ್ಟಿಯ ಮೇಲೆ ಇಸ್ತ್ರಿಪೆಟ್ಟಿಗೆ ತುಸು ಹೆಚ್ಚು ಹೊತ್ತು ನಿಲ್ಲಲಿ.